ಮಗ್ಗದಿಂದ ಮಗ್ಗಕ್ಕೆ, ಗಣಕದಿಂದ ಗಣಕಕ್ಕೆ

ಬಾಗಲಕೋಟೆ ಜಿಲ್ಲೆಯ ಇಳಕಲ್ ತನ್ನ ಸೀರೆಗಳಿಂದ ಹೆಸರಾದ ಊರು. ನೇಕಾರನು ಹೊಸ ಚಿತ್ತಾರವನ್ನು ಮಗ್ಗಕ್ಕೇರಿಸುವ ಮುನ್ನ ಚೌಕಳಿ ಕಾಗದದ ಮೇಲೆ ಬರೆದುಕೊಳ್ಳುವುದುಂಟು. ಒಂದೊಂದು ಚೌಕವೂ ಹಾಸು ಹೊಕ್ಕುಗಳು ಕೂಡುವ ಒಂದು ಸ್ಥಾನ. ಹಾಸಿನ ಎಳೆಗಳು ಹೆಚ್ಚು ದಟ್ಟವಾಗಿಯೂ ಹೊಕ್ಕಿನ ಎಳೆಗಳು ವಿರಳವಾಗಿಯೂ ಇರುವ ಬೇರೊಂದು ಮಗ್ಗಕ್ಕೆ ಅದೇ ಲೆಕ್ಕವನ್ನು ಒಯ್ದರೆ ದುಂಡಗಿನ ಹೂವು ಉದ್ದವಾಗುವುದು. ಆದುದರಿಂದ ಹೂವನ್ನು ಉಳಿಸಬೇಕಾದರೆ ಲೆಕ್ಕವನ್ನು ಬದಲಿಸಬೇಕು.

ಗಣಕಯಂತ್ರಗಳ ಲೋಕದಲ್ಲಿಯೂ ಇಂತಹುದೇ ತೊಡಕು ಎದುರಾಯಿತು. 1980ರ ದಶಕದಲ್ಲಿ ವಿಜ್ಞಾನಿಗಳು ಗಾಳಿಯ ಚಲನೆ, ಅಣುಗಳ ರಚನೆ ಮೊದಲಾದವುಗಳ ಅಂಕಿಗಳನ್ನು ಚಿತ್ರರೂಪದಲ್ಲಿ ಕಾಣಲು ಗ್ರಾಫಿಕ್ಸ್ ವರ್ಕ್‌ಸ್ಟೇಷನ್ ಎಂಬ ಪ್ರಬಲ ಗಣಕಗಳನ್ನು ಬಳಸತೊಡಗಿದರು. ಆದರೆ ಚಿತ್ರ ಬಿಡಿಸುವ ಆಜ್ಞೆಗಳು ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಬಗೆಯಾಗಿದ್ದವು. ಸಂಖ್ಯೆಯ ಹಿರಿಯ ಭಾಗವನ್ನು ಕೆಲವು ಯಂತ್ರಗಳು ಮೊದಲು ಇರಿಸಿದರೆ, ಕೆಲವು ಕಿರಿಯ ಭಾಗವನ್ನು ಮೊದಲು ಇರಿಸುತ್ತಿದ್ದವು. ಈ ಭೇದವನ್ನರಿಯದೆ ಮಾಹಿತಿಯನ್ನು ಸಾಗಿಸಿದರೆ 12ನ್ನು 21 ಎಂದು ಓದಿದಂತಾಗುವುದು. ಚಿತ್ರವೇನೋ ಮೂಡೀತು, ಅದನ್ನು ನಂಬಿದ ವಿಜ್ಞಾನಿ ಮೋಸಹೋಗುವನು.

1992ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯು ಓಪನ್‌ಜಿಎಲ್ ಎಂಬ ಆಜ್ಞಾಸಮೂಹವನ್ನು ಹೊರತಂದಿತು. ಅನೇಕ ಕಂಪನಿಗಳು ಅದನ್ನು ಸ್ವೀಕರಿಸಿದುದರಿಂದ ತಂತ್ರಾಂಶವನ್ನು ಯಂತ್ರದಿಂದ ಯಂತ್ರಕ್ಕೆ ಸಾಗಿಸುವ ಕೆಲಸ ಹಗುರವಾಯಿತು. ಆದರೂ ಹೊಸ ಚಿತ್ರವನ್ನು ಹಳೆಯದರೊಡನೆ ತಾಳೆ ನೋಡುವ ಹೊಣೆ ಮನುಷ್ಯನಿಗೆ ತಪ್ಪಲಿಲ್ಲ.

ಯಂತ್ರಗಳು ಹಳತಾಗಿ ಮೂಲೆ ಸೇರುತ್ತವೆ. ಅವುಗಳೊಡನೆ ಜ್ಞಾನವೂ ಮೂಲೆ ಸೇರಬಾರದು. ಯಾವುದನ್ನು ಬದಲಿಸಬೇಕು, ಯಾವುದನ್ನು ಬದಲಿಸಬಾರದು ಎಂಬ ವಿವೇಕವು ನೇಕಾರನಿಗೆ ಬೇಕಾದಂತೆ ತಂತ್ರಜ್ಞನಿಗೂ ಬೇಕು.