ಕಡಲಾಚೆಯ ಮಾಲು, ದುರ್ಗದಬೈಲಿನ ಅಂಗಡಿ

ಹುಬ್ಬಳ್ಳಿಯ ದುರ್ಗದಬೈಲು, ಜನತಾ ಬಜಾರು, ಧಾರವಾಡದ ಸುಭಾಸ ರಸ್ತೆ, ಎಲ್ಲಿಯ ಮನೆಸಾಮಾನಿನ ಅಂಗಡಿಗೆ ಹೋದರೂ ಕಡಲಾಚೆಯ ಮಾಲು ಕೈಗೆ ಸಿಗುತ್ತದೆ. ಪ್ಲಾಸ್ಟಿಕ್ ಹೂಬಳ್ಳಿ, ಬಾಲ್ಕನಿಗೆ ತೂಗುಹಾಕುವ ಕುಂಡ, ಅಂಗಳಕ್ಕೆ ಊರುವ ಸೋಲಾರ್ ದೀಪ, ಪೈಪಿನ ತುದಿಗೆ ಸಿಕ್ಕಿಸಿ ನೀರು ಸಿಂಪಡಿಸುವ ಗನ್ನು, ದಾರ ಎಳೆದರೆ ಉಳ್ಳಾಗಡ್ಡಿ ಹೆಚ್ಚುವ ಡಬ್ಬಿ. ಎಲ್ಲಿಂದ ಬಂತು ಎಂದು ಕೇಳಿ ನೋಡಿ. ‘ಬಾಂಬೆ ಮಾಲ್ ರೀ’ ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಚೀನಾದಿಂದ ಹಡಗಿನಲ್ಲಿ ಬಂದ ಪೆಟ್ಟಿಗೆ ನ್ಹಾವಾ ಶೇವಾ ಬಂದರಿನಲ್ಲಿ ಇಳಿದು, ಮುಂಬೈನ ಹೋಲ್‌ಸೇಲ್ ಗೋದಾಮು ಸೇರಿ, ಅಲ್ಲಿ ಬಿಡಿಬಿಡಿಯಾಗಿ ಲಾರಿ ಹತ್ತಿ ಹುಬ್ಬಳ್ಳಿಗೆ ಬರುತ್ತದೆ. ಮುಂಬೈ ಸೇಠನ ಲಾಭ, ದಲಾಲಿ, ಹಮಾಲಿ, ಲಾರಿ ಬಾಡಿಗೆ ಎಲ್ಲ ಸೇರಿಯೇ ನಮ್ಮೂರಿನ ದರ.

ಹಾಗಾದರೆ ನಡುವಿನವರನ್ನು ಬಿಟ್ಟು ನಾವೇ ನೇರವಾಗಿ ತರಿಸಬಾರದೇಕೆ? ಅಂಗಡಿ ಇಟ್ಟವರಿಗೂ ಹೊಸದಾಗಿ ಇಡಬೇಕೆಂದಿರುವವರಿಗೂ ಈ ಪ್ರಶ್ನೆ ಬಂದೇ ಬರುತ್ತದೆ. ಮೊಬೈಲ್ ಪರದೆಯ ಮೇಲೆ ಕಾರ್ಖಾನೆಯ ದರ ಕಾಣುವಾಗ, ಅದೇ ಮಾಲಿಗೆ ಇಲ್ಲಿ ನಾಲ್ಕು ಪಟ್ಟು ಬೆಲೆ ಇರುವಾಗ, ಕೈ ಸುಮ್ಮನಿರುವುದಿಲ್ಲ. ಆದರೆ ಕಾರ್ಖಾನೆಯ ದರ ಇಡೀ ಲೆಕ್ಕದ ಒಂದು ಸಾಲು ಮಾತ್ರ. ಉಳಿದ ಸಾಲುಗಳನ್ನು ಓದಲು ಬಂದವರಿಗಷ್ಟೇ ಈ ವ್ಯಾಪಾರ ಗಿಟ್ಟುತ್ತದೆ.

ಮೊದಲು ಜಾಗದ ಲೆಕ್ಕ. ಮನೆ ಮತ್ತು ತೋಟದ ಸಾಮಾನಿನ ದೊಡ್ಡ ತೊಡಕು ತೂಕವಲ್ಲ, ಗಾತ್ರ. ಹಗುರಾದ ಕುಂಡ, ಬುಟ್ಟಿ, ಬಕೆಟ್ಟುಗಳು ತಮ್ಮೊಳಗೆ ಬರೀ ಗಾಳಿ ತುಂಬಿಕೊಂಡು ಬರುತ್ತವೆ, ಆ ಗಾಳಿಗೂ ನಾವೇ ಬಾಡಿಗೆ ಕೊಡಬೇಕು. 20 ಅಡಿಯ ಕಂಟೇನರಿನ ಒಳಗಿನ ಜಾಗ ಸುಮಾರು 33 ಘನಮೀಟರ್, ಪೆಟ್ಟಿಗೆ ಜೋಡಿಸಿದಾಗ ನಿಜಕ್ಕೂ ಹಿಡಿಯುವುದು 28ರ ಆಸುಪಾಸು. ಇಡೀ ಕಂಟೇನರ್ ತುಂಬಿಸಲಾಗದವರು ಇತರರ ಮಾಲಿನ ಜೊತೆ ಹಂಚಿಕೊಂಡು, ಘನಮೀಟರಿಗೆ ಇಷ್ಟು ಎಂದು ಕೊಡುತ್ತಾರೆ. ಹುಬ್ಬಳ್ಳಿ ಮುಟ್ಟುವವರೆಗಿನ ಒಟ್ಟು ಸಾಗಾಟಕ್ಕೆ ಘನಮೀಟರಿಗೆ 12,000 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. 60 ಸೆಂಟಿಮೀಟರ್ ಉದ್ದ, 40 ಅಗಲ, 50 ಎತ್ತರದ ಒಂದು ಪೆಟ್ಟಿಗೆ ಹಿಡಿಯುವ ಜಾಗ 0.12 ಘನಮೀಟರ್, ಅದರ ಸಾಗಾಟ 1,440 ರೂಪಾಯಿ. ಅದರಲ್ಲಿ 24 ಕುಂಡ ಹಿಡಿದರೆ ಒಂದೊಂದಕ್ಕೆ 60 ರೂಪಾಯಿ ಬಿತ್ತು. ಅದೇ ಕುಂಡ ಒಂದರೊಳಗೊಂದು ಕೂರುವ ಆಕಾರದ್ದಾಗಿ 96 ಹಿಡಿದರೆ 15 ರೂಪಾಯಿ. ಕಾರ್ಖಾನೆಯವನ ಹತ್ತಿರ ಒಂದೆರಡು ರೂಪಾಯಿಗೆ ಹಗ್ಗಜಗ್ಗಾಟ ಮಾಡುವವರು ಈ 45 ರೂಪಾಯಿಯನ್ನು ಗಮನಿಸುವುದೇ ಇಲ್ಲ. ಆದ್ದರಿಂದ ದರ ಕೇಳುವ ಮೊದಲು ಪೆಟ್ಟಿಗೆಯ ಅಳತೆ, ಪೆಟ್ಟಿಗೆಗೆ ಎಷ್ಟು ನಗ ಎಂಬುದನ್ನು ಕೇಳಬೇಕು.

ಎರಡನೆಯದು ಸುಂಕ. ಮಾಲಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ ಕಸ್ಟಮ್ಸ್‌ನವರು ಲೆಕ್ಕ ಹಾಕುತ್ತಾರೆ. ಆ ಮೊತ್ತ 1,00,000 ರೂಪಾಯಿ, ಮೂಲ ಸುಂಕ ಶೇ. 15 ಎಂದುಕೊಳ್ಳೋಣ. 15,000 ಸುಂಕ, ಆ ಸುಂಕದ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್‌ಚಾರ್ಜ್ 1,500. ಒಟ್ಟು 1,16,500. ಇದರ ಮೇಲೆ ಶೇ. 18 ಐಜಿಎಸ್‌ಟಿ ಎಂದರೆ 20,970. ಕೈಯಿಂದ ಹೋದದ್ದು 1,37,470. ಜಿಎಸ್‌ಟಿ ನೋಂದಣಿ ಇದ್ದವರಿಗೆ ಆ 20,970 ಮುಂದೆ ತೆರಿಗೆಯಲ್ಲಿ ವಜಾ ಆಗುತ್ತದೆ, ಕಾಂಪೊಸಿಷನ್ ಪದ್ಧತಿಯಲ್ಲಿ ಇರುವ ಸಣ್ಣ ಅಂಗಡಿಯವರಿಗೆ ಆಗುವುದಿಲ್ಲ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ. 2020ರ ಬಜೆಟ್ಟಿನಲ್ಲಿ ಪಿಂಗಾಣಿ, ಸ್ಟೀಲು, ತಾಮ್ರದ ಅಡುಗೆಮನೆ ಸಾಮಾನಿನ ಸುಂಕ ಶೇ. 10ರಿಂದ 20ಕ್ಕೆ ಏರಿತು. ಇದು ಸಾಲದೆಂಬಂತೆ, ತೀರ ಅಗ್ಗದ ದರಕ್ಕೆ ತಂದು ಸುರಿಯುವುದನ್ನು ತಡೆಯಲು ಕೆಲವು ಮಾಲಿಗೆ ಡಂಪಿಂಗ್ ವಿರೋಧಿ ಸುಂಕವೂ ಇದೆ. ಚೀನಾದ ಥರ್ಮಾಸ್ ಫ್ಲಾಸ್ಕುಗಳ ಮೇಲೆ 2025ರ ಮಾರ್ಚ್‌ನಲ್ಲಿ ಟನ್ನಿಗೆ 1,732 ಡಾಲರಿನವರೆಗೆ ಹೇರಿದರು. ಹೀಗಾಗಿ ಹಳೆಯ ಲೆಕ್ಕದ ಚೀಟಿ ನೋಡಿ ಹೊಸ ಆರ್ಡರ್ ಕೊಡುವಂತಿಲ್ಲ.

ಸುಂಕ ಕಟ್ಟಿದರೂ ಬಿಡದ ಮಾಲುಗಳಿವೆ. ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಸ್ಟೀಲು ಮತ್ತು ಅಲ್ಯುಮಿನಿಯಂ ಪಾತ್ರೆಗಳಿಗೂ 2024ರ ಮಾರ್ಚ್‌ನಲ್ಲಿ ಇಂಥದೇ ಆದೇಶ ಬಂತು. ಇಲ್ಲಿ ಪರವಾನಗಿ ಬೇಕಾದ್ದು ತರಿಸುವವನಿಗಲ್ಲ, ಹೊರದೇಶದ ಆ ಕಾರ್ಖಾನೆಗೇ. ಅಲ್ಲಿನ ಸಣ್ಣ ಕಾರ್ಖಾನೆ ನಮ್ಮ ಎರಡು ಪೆಟ್ಟಿಗೆಗಾಗಿ ಭಾರತೀಯ ಮಾನಕ ಬ್ಯೂರೋದ ಪರವಾನಗಿ ಪಡೆಯುವುದು ಕನಸಿನ ಮಾತು. ಬಂದರಿನಲ್ಲಿ ಮಾಲು ಸಿಕ್ಕಿಬಿದ್ದರೆ ದಿನದ ಬಾಡಿಗೆ ಏರುತ್ತಲೇ ಹೋಗುತ್ತದೆ. ಕೊನೆಗೆ ವಾಪಸು ಕಳಿಸಬೇಕು, ಇಲ್ಲವೇ ನಾಶಪಡಿಸಬೇಕು, ಅದರ ಖರ್ಚೂ ನಮ್ಮದೇ.

ಆಮದು-ರಫ್ತುದಾರರ ಸಂಕೇತ ಸಂಖ್ಯೆ, ಐಇಸಿ ಎನ್ನುತ್ತಾರಲ್ಲ, ಅದು ಮಾತ್ರ ಬಲು ಸುಲಭ. ಆನ್‌ಲೈನ್ ಅರ್ಜಿ, 500 ರೂಪಾಯಿ ಶುಲ್ಕ. ನಿಮ್ಮ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ದೃಢೀಕರಿಸದಿದ್ದರೆ ನಿಷ್ಕ್ರಿಯವಾಗುತ್ತದೆ ಎಂಬುದಷ್ಟು ನೆನಪಿದ್ದರೆ ಸಾಕು.

ಇನ್ನು ಮಾಲು ಹುಡುಕುವುದು ಎಲ್ಲಿ? ಚೀನಾದ ಝೆಜಿಯಾಂಗ್ ಪ್ರಾಂತದ ಯಿವು ಪಟ್ಟಣದಲ್ಲಿ ಸುಮಾರು 75,000 ಮಳಿಗೆಗಳ ಸಗಟು ಮಾರುಕಟ್ಟೆ ಇದೆ. ಒಂದು ಮಹಡಿಯ ತುಂಬ ಪ್ಲಾಸ್ಟಿಕ್ ಹೂವು, ಇನ್ನೊಂದರ ತುಂಬ ಅಡುಗೆಮನೆ ಸಾಮಾನು. ಗ್ವಾಂಗ್‌ಝೌ ನಗರದಲ್ಲಿ 1957ರಿಂದ ವರ್ಷಕ್ಕೆ ಎರಡು ಸಲ, ವಸಂತ ಮತ್ತು ಶರತ್ಕಾಲದಲ್ಲಿ ಕ್ಯಾಂಟನ್ ಮೇಳ ನಡೆಯುತ್ತದೆ. ಮೇಳ ಹಂತ ಹಂತವಾಗಿ ನಡೆಯುವುದರಿಂದ ಮನೆಸಾಮಾನು ಮತ್ತು ತೋಟದ ಸಾಮಾನಿಗೆಂದು ಹೋಗುವವರು ಎರಡನೆಯ ಹಂತಕ್ಕೆ ಹೋಗಬೇಕು. ಮೊದಲ ಹಂತಕ್ಕೆ ಟಿಕೆಟ್ ತೆಗೆಸಿದರೆ ಯಂತ್ರಗಳನ್ನೂ ಎಲೆಕ್ಟ್ರಾನಿಕ್ಸ್ ಸಾಮಾನನ್ನೂ ನೋಡಿ ಬರಬೇಕಾದೀತು. 2020ರಲ್ಲಿ ನಿಂತ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಷ್ಟೇ ಮತ್ತೆ ಶುರುವಾದವು. ಹುಬ್ಬಳ್ಳಿಯಿಂದ ಹೊರಡುವವರಿಗೆ ಹೇಗೂ ಮುಂಬೈ, ಬೆಂಗಳೂರಿನಂಥ ಊರುಗಳನ್ನು ಹಾಯದೆ ದಾರಿಯಿಲ್ಲ.

ಅಷ್ಟು ದೂರ ಹೋಗುವುದರ ಲಾಭ ಕೈಯಲ್ಲಿ ಮುಟ್ಟಿ ನೋಡುವುದು. ಚಿತ್ರದಲ್ಲಿ ಎಲ್ಲ ಕುಂಡವೂ ಗಟ್ಟಿಯೇ. ಮಳಿಗೆಯಲ್ಲಿ ಅದರ ಅಂಚು ಒತ್ತಿ ನೋಡಿದರೆ ಧಾರವಾಡದ ಏಪ್ರಿಲ್ ಬಿಸಿಲಿಗೆ ಎಷ್ಟು ದಿನ ನಿಂತೀತು ಎಂಬ ಅಂದಾಜು ಸಿಗುತ್ತದೆ. ಆನ್‌ಲೈನ್‌ನಲ್ಲಿ ತರಿಸುವವರು ಕನಿಷ್ಠ ನಮೂನೆ ತರಿಸಿ ಆ ಬಿಸಿಲಿಗಿಟ್ಟು ನೋಡಿದ ಮೇಲೆಯೇ ಮುಂಗಡ ಕೊಡಬೇಕು. ಸಾಮಾನ್ಯ ರೂಢಿ ಶೇ. 30 ಮುಂಗಡ, ಹಡಗಿಗೆ ಏರಿದ ಕಾಗದ ತೋರಿಸಿದ ಮೇಲೆ ಉಳಿದ 70. ನಡುವೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇದಕ್ಕೆ ಹಾಕಿ’ ಎಂದು ಇ-ಮೇಲ್ ಬಂದರೆ ಮೊದಲೇ ಗೊತ್ತಿದ್ದ ನಂಬರಿಗೆ ಫೋನ್ ಮಾಡಿ ಧ್ವನಿ ಕೇಳದೆ ಒಂದು ಪೈಸೆಯೂ ಹಾಕಬಾರದು. ಈ ಬಗೆಯ ಮೋಸ ಜಗತ್ತಿನ ಎಲ್ಲ ವ್ಯಾಪಾರಿ ಊರುಗಳಲ್ಲಿಯೂ ನಡೆದಿದೆ.

ಅದಕ್ಕಿಂತ ಸಿಹಿಯಾದ ಬಲೆ ಇನ್ನೊಂದು. ‘ಕಾಗದಪತ್ರ ನಿಮಗೆ ಬೇಡ, ಕಿಲೋಗೆ ಇಷ್ಟು ಕೊಡಿ, ಮಾಲು ನಿಮ್ಮ ಬಾಗಿಲಿಗೆ’ ಎನ್ನುವ ಏಜೆಂಟರು. ಮಾಲು ಯಾರದೋ ಹೆಸರಿನಲ್ಲಿ, ಎಷ್ಟೋ ಸಲ ಕಡಿಮೆ ಬೆಲೆ ತೋರಿಸಿ ಬರುತ್ತದೆ. ಕಸ್ಟಮ್ಸ್‌ಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ ನಿಮ್ಮ ಹೆಸರಿಲ್ಲ, ಆದ್ದರಿಂದ ಐಜಿಎಸ್‌ಟಿ ವಜಾ ಇಲ್ಲ. ಮಾಲು ಜಪ್ತಿಯಾದರೆ ಅದು ನಿಮ್ಮದೆನ್ನಲು ಪುರಾವೆಯೂ ಇಲ್ಲ. ಹೊರದೇಶಕ್ಕೆ ಹಣ ಬ್ಯಾಂಕಿನ ಮೂಲಕ ಹೋಗದೆ ನಗದಾಗಿ ಯಾರದೋ ಕೈ ಸೇರಿದರೆ ಅದು ವಿದೇಶಿ ವಿನಿಮಯ ಕಾನೂನಿನ ಉಲ್ಲಂಘನೆ. ಅಗ್ಗ ಅನ್ನಿಸುವುದು ಸಿಕ್ಕಿಬೀಳುವ ತನಕ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಒಂದೆರಡು ಲಕ್ಷ ಬಂಡವಾಳದ ಅಂಗಡಿಯವರಿಗೆ ಮುಂಬೈ ಮಾಲೇ ಲೇಸು. ಅಲ್ಲಿಯ ಸೇಠ ಉದ್ರಿ ಕೊಡುತ್ತಾನೆ, ಒಡೆದದ್ದನ್ನು ಬದಲಿಸುತ್ತಾನೆ. ಕಡಲಾಚೆಯವನು ಎರಡನ್ನೂ ಮಾಡಲಾರ. ಮುಂಬೈಯಿಂದ ಹುಬ್ಬಳ್ಳಿಗೆ ಪಾರ್ಸಲ್ ಬರುವ ವ್ಯವಸ್ಥೆಯಂತೂ ನಮ್ಮಲ್ಲಿ ಗಟ್ಟಿಯಾಗಿದೆ. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರುಮಾಡಿದ ವಿಆರ್‌ಎಲ್ ಸಂಸ್ಥೆ ಬೆಳೆದದ್ದು ಇಂಥ ಬಿಡಿ ಪಾರ್ಸಲ್ಲುಗಳ ಮೇಲೆಯೇ. ನೇರವಾಗಿ ತರಿಸಲೇಬೇಕೆಂದರೆ ಏಳೆಂಟು ಅಂಗಡಿಯವರು ಕೂಡಿ ಒಂದು ಕಂಟೇನರ್ ತುಂಬಿಸುವುದು ಜಾಣತನ. 1928ರಿಂದ ಇರುವ ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯಂಥ ಜಾಗ ಅಂಥ ಮಾತುಕತೆಗೆ ಒದಗಬೇಕು. ಇನ್ನು ನಮ್ಮದೇ ಕರಾವಳಿಯಿಂದ ತರಿಸೋಣವೆಂದರೆ, ಹುಬ್ಬಳ್ಳಿಯಿಂದ ಅಂಕೋಲೆಯ ಕಡೆಗಿನ ರೈಲು ದಾರಿ 1990ರ ದಶಕದಿಂದ ಪೂರ್ತಿಯಾಗದೆ ಉಳಿದಿದೆ. ಕಾರವಾರ ಬಂದರು ಹತ್ತಿರವಿದ್ದರೂ ಮಾಲು ಮಾತ್ರ ಮುಂಬೈ ಸುತ್ತಿಯೇ ಬರುತ್ತಿದೆ.

ಇಷ್ಟೂ ಹೇಳಿದ್ದು ಜೀವವಿಲ್ಲದ ಸಾಮಾನಿನ ಬಗ್ಗೆ. ಬೀಜ, ಗಡ್ಡೆ, ಸಸಿಗಳ ಕತೆಯೇ ಬೇರೆ. ಒಡೆದ ಕುಂಡದ ನಷ್ಟ ಒಬ್ಬರದು, ತಪ್ಪು ಗಿಡದ ನಷ್ಟ ಊರಿಗೆಲ್ಲ. ಉಣಕಲ್ ಕೆರೆಯನ್ನು ಮತ್ತೆ ಮತ್ತೆ ಮುಚ್ಚುವ ಅಂತರಗಂಗೆ ದಕ್ಷಿಣ ಅಮೆರಿಕದ್ದು. ಅದರ ನೇರಳೆ ಹೂವು ಚೆಂದವೆಂದು ಕೊಳಗಳ ಅಲಂಕಾರಕ್ಕೆ ತಂದ ಗಿಡ ಅದು. ಕಾಡಂಚಿನ ಲಂಟಾನವೂ ಹಾಗೇ ಉದ್ಯಾನದ ಹೂವಾಗಿ ಬಂದದ್ದು. ನಮ್ಮ ಹೊಲದ ಬದುವಿನ ಕಾಂಗ್ರೆಸ್ ಕಸ ಅಮೆರಿಕದ ಗೋಧಿಯೊಂದಿಗೆ ಬಂದು 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅದನ್ನು ತಿನ್ನಿಸಲು ಮೆಕ್ಸಿಕೋದಿಂದ ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಬೇಕಾಯಿತು. ಕಸ ಮಾತ್ರ ಇವತ್ತಿಗೂ ಇದೆ.

ಇದಕ್ಕೇ 2003ರ ಸಸ್ಯ ಸಂಗರೋಧ ಆದೇಶ ಕಟ್ಟುನಿಟ್ಟಾಗಿರುವುದು. ಬೀಜವಿರಲಿ, ಸಸಿಯಿರಲಿ, ಮೊದಲೇ ಆಮದು ಪರವಾನಗಿ ಪಡೆದಿರಬೇಕು, ಕಳಿಸುವ ದೇಶದ ಸರ್ಕಾರ ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರ ಜೊತೆಗಿರಬೇಕು. ಮಾಲು ತುಂಬಿದ ಕಟ್ಟಿಗೆಯ ಪೆಟ್ಟಿಗೆಗೂ ಹುಳು ಕೊಲ್ಲುವ ಸಂಸ್ಕರಣೆ ಆಗಿದೆ ಎಂಬ ಮುದ್ರೆ ಬೇಕು. ‘ಗಿಫ್ಟ್’ ಎಂದು ಬರೆದು ಅಂಚೆಯಲ್ಲಿ ಕಳಿಸುವ ಹಳೆಯ ಉಪಾಯಕ್ಕೆ 2019ರ ಡಿಸೆಂಬರ್‌ನಲ್ಲೇ ತಡೆ ಬಿತ್ತು. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಇಷ್ಟಾದರೂ ಆನ್‌ಲೈನ್ ಚಿತ್ರದಲ್ಲಿ ನೀಲಿ ಗುಲಾಬಿ, ಕಾಮನಬಿಲ್ಲಿನ ಬಣ್ಣದ ಟೊಮೆಟೊ ಕಂಡು ಮರುಳಾಗುವವರು ಇದ್ದಾರೆ. ಅಂಥ ಬಣ್ಣ ಗಿಡದಲ್ಲಿ ಇಲ್ಲ, ಕಂಪ್ಯೂಟರಿನಲ್ಲಿದೆ. ಒಳ್ಳೆಯ ಬೀಜಕ್ಕೆ ಕಡಲು ದಾಟಬೇಕಿಲ್ಲ: ಹುಬ್ಬಳ್ಳಿಗೆ ಹತ್ತಿರದ ರಾಣೆಬೆನ್ನೂರು ಸುತ್ತಿನ ಹಳ್ಳಿಗಳು ಹೈಬ್ರಿಡ್ ತರಕಾರಿ ಬೀಜ ಬೆಳೆಯುವುದಕ್ಕೇ ಹೆಸರಾಗಿವೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಇದೆ.

ಕೊಳ್ಳುವವರಿಗೆ ಒಂದು ಮಾತು. ಅಂಗಡಿಯಲ್ಲಿ ಆಮದು ಮಾಲಿನ ಪೆಟ್ಟಿಗೆಯನ್ನು ಹಿಂದೆ ಹೊರಳಿಸಿ ನೋಡಿ. 2011ರ ಪ್ಯಾಕೇಜ್ ನಿಯಮದಂತೆ ತರಿಸಿದವರ ಹೆಸರು ವಿಳಾಸ, ಮಾಲಿನ ಮೂಲ ದೇಶ, ಗರಿಷ್ಠ ಮಾರಾಟ ಬೆಲೆ ಅಲ್ಲಿರಬೇಕು. ಇಲ್ಲದಿದ್ದರೆ ಕೆಟ್ಟಾಗ ಕೇಳುವುದಕ್ಕೆ ಯಾರೂ ಇರುವುದಿಲ್ಲ. ಮತ್ತು ನೀವು ಕೇಳದೆಯೇ ಹೊರದೇಶದಿಂದ ಬೀಜದ ಪೊಟ್ಟಣ ಅಂಚೆಯಲ್ಲಿ ಬಂದರೆ (2020ರಲ್ಲಿ ಹಲವು ದೇಶಗಳ ಮನೆಗಳಿಗೆ ಹಾಗೆ ಬಂದು, ನಮ್ಮ ಕೃಷಿ ಸಚಿವಾಲಯವೂ ರಾಜ್ಯಗಳಿಗೆ ಎಚ್ಚರಿಕೆ ಕಳಿಸಿತ್ತು) ಅದನ್ನು ಒಡೆಯಬೇಡಿ, ಬಿತ್ತಬೇಡಿ, ತಿಪ್ಪೆಗೂ ಎಸೆಯಬೇಡಿ. ಹಾಗೇ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಪ್ಪಿಸಿ.