ಮೊದಲ ಪೆಟ್ಟು ಯಾರದು? ಪೊಕೆಮಾನ್ ಕಾಳಗದಲ್ಲಿ ವೇಗದ ಲೆಕ್ಕ

ಯಾದಗಿರಿಯ ರೈಲು ನಿಲ್ದಾಣದಲ್ಲಿ ಟಿಕೆಟಿನ ಕಿಂಡಿಯ ಮುಂದೆ ನಿಂತವರಿಗೆಲ್ಲ ಒಂದು ಸತ್ಯ ತಿಳಿದಿರುತ್ತದೆ. ಸಾಲಿನಲ್ಲಿ ನಮಗಿಂತ ಮುಂದೆ ಇರುವಾತನು ಅರ್ಧ ಗಂಟೆ ಮೊದಲು ಬಂದಿರಲಿ, ಅರೆನಿಮಿಷ ಮೊದಲು ಬಂದಿರಲಿ, ಟಿಕೆಟು ಮೊದಲು ದೊರೆಯುವುದು ಆತನಿಗೇ. ಕಿಂಡಿಯೊಳಗೆ ಕುಳಿತವರು ನೋಡುವುದು ಸಾಲಿನ ಕ್ರಮವನ್ನು, ಗಡಿಯಾರದ ಅಂತರವನ್ನಲ್ಲ. ಈ ಸಣ್ಣ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ, ಇಂದು ನಾವು ವಿವರಿಸಹೊರಟಿರುವ ವಿಷಯದ ಅರ್ಧವು ತಿಳಿದಂತೆಯೇ ಸರಿ.

ನಮ್ಮ ತರಗತಿಯಲ್ಲಿ ಶಹಾಪುರದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿಯೊಬ್ಬನಿದ್ದನು. ಭೌತಶಾಸ್ತ್ರದ ಪರೀಕ್ಷೆಯಲ್ಲಿ ವಿವರಣೆಯ ಪ್ರಶ್ನೆಗಳಿಗೆ ಉತ್ತರ ಬರೆದು, ಲೆಕ್ಕಗಳ ಜಾಗವನ್ನು ಖಾಲಿ ಬಿಡುವುದು ಅವನ ರೂಢಿಯಾಗಿತ್ತು. ಒಂದು ದಿನ ಪಾಠದ ನಡುವೆ ಮೇಜಿನ ಕೆಳಗೆ ಮೊಬೈಲನ್ನು ಹಿಡಿದು ಕುಳಿತಿದ್ದ ಅವನನ್ನು ನಾವು ಎಬ್ಬಿಸಿ ನಿಲ್ಲಿಸಿದೆವು. ಗದರುವುದಕ್ಕೆ ಮೊದಲೇ ಅವನು ಬಹಳ ನೊಂದವನಂತೆ, “ಒಂದೇ ಒಂದು ಪಾಯಿಂಟಿನಾಗ ಹೋತ್ರಿ ಸರ” ಎಂದನು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಆದರೆ ಮಧ್ಯಾಹ್ನ ಅವನ ನೋಟುಪುಸ್ತಕದ ಕೊನೆಯ ಪುಟಗಳನ್ನು ತೆರೆದು ನೋಡಿದಾಗ ನಗು ನಿಂತಿತು. ಅಲ್ಲಿ ಗುಣಾಕಾರ, ಭಾಗಾಕಾರ, ಶೇಕಡಾವಾರುಗಳು ಪುಟ ತುಂಬ ಇದ್ದವು. ಯಾರೂ ಹೇಳಿ ಬರೆಸಿದವಲ್ಲ.

ಅವನು ಆಡುತ್ತಿದ್ದುದು ಪೊಕೆಮಾನ್ ಕಾಳಗ. 1996ರಲ್ಲಿ ಜಪಾನಿನಲ್ಲಿ ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಕ್ಕಾಗಿ ಹೊರಬಂದ ಈ ಆಟದ ಪಾತ್ರಗಳು ದೂರದರ್ಶನದ ಚಿತ್ರಮಾಲೆಯಿಂದ ನಮ್ಮ ಮಕ್ಕಳಿಗೆಲ್ಲ ಪರಿಚಿತವಾಗಿವೆ. ಈ ಆಟಕ್ಕೆ 2009ರಿಂದ ವಿಶ್ವಮಟ್ಟದ ಸ್ಪರ್ಧೆಗಳೂ ನಡೆದಿವೆ. ಯಂತ್ರವಿಲ್ಲದವರು ಮೊಬೈಲಿನ ಬ್ರೌಸರಿನಲ್ಲಿ ‘ಪೊಕೆಮಾನ್ ಶೋಡೌನ್’ ಎಂಬ ಅನುಕರಣೆಯಲ್ಲಿ ಹಣ ಕೊಡದೆಯೇ ಕಾಳಗವನ್ನು ಅಭ್ಯಾಸ ಮಾಡಬಹುದು. ನಮ್ಮ ವಿದ್ಯಾರ್ಥಿಯು ಮಾಡುತ್ತಿದ್ದುದೂ ಅದನ್ನೇ. ಅವನ ಆ ‘ಒಂದು ಪಾಯಿಂಟು’ ಯಾವುದು, ಅದನ್ನು ಉಳಿಸಿಕೊಳ್ಳಬಹುದಾಗಿತ್ತೆ ಎಂಬುದನ್ನು ಈಗ ವಿಚಾರಿಸೋಣ.

ವೇಗವೆಂದರೆ ಕ್ರಮ

ಇಬ್ಬರು ಆಟಗಾರರ ಬಳಿಯೂ ಒಂದೊಂದು ತಂಡ ಇರುತ್ತದೆ. ಒಂದಕ್ಕೊಂದು ಎದುರಾಗುವ ಪಂದ್ಯದಲ್ಲಿ ಎರಡೂ ಕಡೆಯಿಂದ ಒಂದೊಂದು ಪ್ರಾಣಿ ಕಣಕ್ಕಿಳಿಯುವುದು. ಪ್ರತಿ ಸರದಿಯಲ್ಲಿಯೂ ಇಬ್ಬರೂ ಗುಟ್ಟಾಗಿ ತಮ್ಮ ಆಜ್ಞೆಯನ್ನು ಆರಿಸುತ್ತಾರೆ. ಬಳಿಕ ಯಾವ ಪ್ರಾಣಿಯ ವೇಗಾಂಕ ಹೆಚ್ಚೋ ಅದು ಮೊದಲು ಹೊಡೆಯುವುದು. ಪ್ರಾಣಿಗೆ ಜೀವಾಂಕ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ, ವೇಗ ಎಂಬ ಆರು ಅಳತೆಗಳಿವೆ. ಜೀವಾಂಕ ಸೊನ್ನೆಯಾದರೆ ಅದು ಕಣದಿಂದ ಹೊರಕ್ಕೆ.

ಅತಿವೇಗದ ದಾಳಿಗಾರನಿಗೆ ಒಳ್ಳೆಯ ಉದಾಹರಣೆ ವೀವೈಲ್. 2006ರ ಆಟದಲ್ಲಿ ಮೊದಲು ಕಾಣಿಸಿಕೊಂಡ, ಕತ್ತಲೆ ಮತ್ತು ಹಿಮ ಎಂಬೆರಡು ವರ್ಗಗಳಿಗೆ ಸೇರಿದ, ಚೂಪುಗುರಿನ ಪ್ರಾಣಿ ಇದು. ಇದರ ವೇಗದ ಮೂಲಾಂಕ 125, ದಾಳಿಯ ಮೂಲಾಂಕ 120. ಆದರೆ ಜೀವದ ಮೂಲಾಂಕ 70, ರಕ್ಷಣೆಯದು 65 ಮಾತ್ರ. ಕೈ ಚುರುಕು, ಮೈ ಮೆತು. ಎದುರಾಳಿಯಾಗಿ ಗಾರ್ಚೋಂಪ್ ಎಂಬ ನೆಲವಾಸಿ ಡ್ರ್ಯಾಗನ್ನನ್ನು ತೆಗೆದುಕೊಳ್ಳೋಣ. ಅದರ ವೇಗದ ಮೂಲಾಂಕ 102.

ಸ್ಪರ್ಧೆಗಳಲ್ಲಿ ಎಲ್ಲವನ್ನೂ 50ನೆಯ ಮಟ್ಟಕ್ಕೆ ತಂದು ಆಡಿಸುವುದು ವಾಡಿಕೆ. 2022ರಲ್ಲಿ ಬಂದ ‘ಸ್ಕಾರ್ಲೆಟ್’ ಮತ್ತು ‘ವಾಯೊಲೆಟ್’ ಆಟಗಳ ನಿಯಮದಂತೆ ಮೂಲಾಂಕದ ಇಮ್ಮಡಿಗೆ ಹುಟ್ಟಿನಿಂದ ಬರುವ 31ರವರೆಗಿನ ಅಂಕವನ್ನೂ, ತರಬೇತಿಯ ಅಂಕದ ಕಾಲುಭಾಗವನ್ನೂ ಕೂಡಿಸಿ, ಅರ್ಧಮಾಡಿ, 5ನ್ನು ಸೇರಿಸಬೇಕು. ಅನುಕೂಲವಾದ ‘ಸ್ವಭಾವ’ವಿದ್ದರೆ ಬಂದುದಕ್ಕೆ ನೂರಕ್ಕೆ 10ರಷ್ಟು ಹೆಚ್ಚಳ. ಪ್ರತಿ ಹಂತದಲ್ಲಿಯೂ ಭಿನ್ನರಾಶಿಯನ್ನು ಬಿಟ್ಟುಬಿಡತಕ್ಕದ್ದು. ಒಂದು ಅಳತೆಗೆ ಹೆಚ್ಚೆಂದರೆ 252, ಎಲ್ಲಕ್ಕೂ ಸೇರಿ 510 ತರಬೇತಿಯ ಅಂಕಗಳನ್ನು ಹಂಚಬಹುದು. ಹೀಗೆ ಲೆಕ್ಕಹಾಕಿದರೆ ವೀವೈಲಿನ ಗರಿಷ್ಠ ವೇಗ 194, ಗಾರ್ಚೋಂಪಿನದು 169.

ಅಂತರ 25. ಆದರೆ ಈ 25ರಿಂದ ಪೆಟ್ಟು ಎಳ್ಳಷ್ಟೂ ಬಲವಾಗುವುದಿಲ್ಲ. ವೀವೈಲಿನ ವೇಗ 170 ಇದ್ದರೂ ಅದೇ ಫಲ, 300 ಇದ್ದರೂ ಅದೇ ಫಲ. ಭೌತಶಾಸ್ತ್ರದಲ್ಲಿ ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುವುದೆಂದು ನಾವು ಕಲಿಸುತ್ತೇವಷ್ಟೆ. ಇಲ್ಲಿ ಹಾಗಲ್ಲ. 1812ರಲ್ಲಿ ಮೋಸ್ ಎಂಬ ಜರ್ಮನ್ ವಿಜ್ಞಾನಿಯು ರೂಪಿಸಿದ ಖನಿಜಗಳ ಗಡಸುತನದ ಪಟ್ಟಿಯನ್ನು ಇದಕ್ಕೆ ಹೋಲಿಸಬಹುದು. ನಮ್ಮ ಸುತ್ತಣ ಗ್ರಾನೈಟ್ ಬಂಡೆಗಳಲ್ಲಿರುವ ಬೆಣಚುಕಲ್ಲಿಗೆ ಅದರಲ್ಲಿ 7ನೆಯ ಸ್ಥಾನ, ಕುರುಂದಕ್ಕೆ 9, ವಜ್ರಕ್ಕೆ 10. ವಜ್ರವು ಕುರುಂದಕ್ಕಿಂತ ಹಲವು ಪಟ್ಟು ಗಡುಸಾದರೂ ಪಟ್ಟಿಯಲ್ಲಿ ಒಂದೇ ಮೆಟ್ಟಿಲು ಮೇಲೆ. ಯಾವುದು ಯಾವುದನ್ನು ಗೀರುತ್ತದೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಆದುದರಿಂದ ವೇಗದ ದಾಳಿಗಾರನನ್ನು ಸಜ್ಜುಗೊಳಿಸುವವನು “ಎಷ್ಟು ವೇಗ ಬೇಕು?” ಎಂದು ಕೇಳಬಾರದು, “ಯಾರನ್ನು ಹಿಂದೆ ಹಾಕಬೇಕು?” ಎಂದು ಕೇಳಬೇಕು.

ಬಿದ್ದರೆ ಮಾತ್ರ ಪೆಟ್ಟು

ಮೊದಲು ಹೊಡೆದುದರಿಂದ ಪ್ರಯೋಜನವಾಗಬೇಕಾದರೆ ಆ ಪೆಟ್ಟಿಗೆ ಎದುರಾಳಿ ಬೀಳಬೇಕು. ಬೀಳದಿದ್ದರೆ ಅದರ ಪೆಟ್ಟು ಮೆತುಮೈಯ ಮೇಲೆ ಬಂದೇ ಬರುವುದು. ಪೆಟ್ಟಿನ ಸೂತ್ರ ಹೀಗಿದೆ: 50ನೆಯ ಮಟ್ಟದಲ್ಲಿ 22ನ್ನು ಹೊಡೆತದ ಬಲದಿಂದಲೂ ದಾಳಿಯಿಂದಲೂ ಗುಣಿಸಿ, ಎದುರಾಳಿಯ ರಕ್ಷಣೆಯಿಂದ ಭಾಗಿಸಿ, ಮತ್ತೆ 50ರಿಂದ ಭಾಗಿಸಿ, 2ನ್ನು ಕೂಡಿಸಬೇಕು. ಇದಕ್ಕೆ ಅದೃಷ್ಟದ ಪಾಲೊಂದುಂಟು: ಬಂದ ಫಲದ ನೂರಕ್ಕೆ 85ರಿಂದ 100ರವರೆಗಿನ 16 ಬೆಲೆಗಳಲ್ಲಿ ಯಾವುದಾದರೊಂದು ಒದಗುವುದು. ಹೊಡೆತವು ಹೊಡೆಯುವ ಪ್ರಾಣಿಯ ವರ್ಗದ್ದೇ ಆಗಿದ್ದರೆ ಒಂದೂವರೆ ಪಟ್ಟು. ಕೊನೆಗೆ ವರ್ಗಗಳ ಹಗೆತನದಿಂದ ಇಮ್ಮಡಿ, ನಾಲ್ಮಡಿ, ಇಲ್ಲವೆ ಅರ್ಧ. ವರ್ಗವನ್ನೇ ಬದಲಿಸುವ ‘ಟೆರಾ’ ಮುಂತಾದ ವಿಶೇಷಗಳನ್ನು ನಾವು ಇಲ್ಲಿ ಬಿಟ್ಟಿದ್ದೇವೆ.

ದಾಳಿಗೆ 252 ಅಂಕ ಕೊಟ್ಟ ವೀವೈಲಿನ ದಾಳಿ 172. ರಕ್ಷಣೆಗೂ ಜೀವಕ್ಕೂ ತರಬೇತಿಯಿಲ್ಲದ ಗಾರ್ಚೋಂಪಿನ ರಕ್ಷಣೆ 115, ಜೀವಾಂಕ 183. ವೀವೈಲ್ 75 ಬಲದ ‘ಐಸ್ ಪಂಚ್’ ಹೊಡೆದರೆ ಸೂತ್ರದಿಂದ ಬರುವುದು 51. ಹಿಮವು ನೆಲಕ್ಕೂ ಡ್ರ್ಯಾಗನ್ನಿಗೂ ಹಗೆಯಾದುದರಿಂದ ನಾಲ್ಮಡಿ. ಕಡೆಗೆ ಪೆಟ್ಟು 256ರಿಂದ 304. ಗಾರ್ಚೋಂಪ್ ಉಳಿಯುವ ಮಾತೇ ಇಲ್ಲ.

ಈಗ ನಮ್ಮ ವಿದ್ಯಾರ್ಥಿಯ ದುಃಖಕ್ಕೆ ಬರೋಣ. ಅವನ ವೀವೈಲಿನ ಎದುರಿಗೆ ಬಂದುದು ಸೈಜರ್ ಎಂಬ ಉಕ್ಕಿನ ಕೀಟ. ಅದರ ವೇಗದ ಮೂಲಾಂಕ ಬರೀ 65. ಆದರೆ ಅದರ ‘ಬುಲೆಟ್ ಪಂಚ್’ ಎಂಬ ಹೊಡೆತಕ್ಕೆ ಆದ್ಯತೆಯ ಹಕ್ಕಿದೆ: ವೇಗವೆಷ್ಟೇ ಇರಲಿ, ಆದ್ಯತೆಯ ಹೊಡೆತವು ಸಾಮಾನ್ಯ ಹೊಡೆತಕ್ಕಿಂತ ಮೊದಲು ನಡೆಯುವುದು. ಹೊಡೆತದ ಬಲ 40. ಸೈಜರಿನ ‘ಟೆಕ್ನಿಷಿಯನ್’ ಎಂಬ ಸಾಮರ್ಥ್ಯದಿಂದ ಅದು 60 ಆಗುವುದು. ಸೈಜರಿನ ದಾಳಿ 182, ವೀವೈಲಿನ ರಕ್ಷಣೆ 85. ಸೂತ್ರದ ಫಲ 58. ಅದೃಷ್ಟ ಅತ್ಯಂತ ಕಡಿಮೆಯಿದ್ದಾಗ 49. ಒಂದೂವರೆ ಪಟ್ಟಾಗಿ 73. ಉಕ್ಕು ಹಿಮಕ್ಕೆ ಹಗೆಯಾದುದರಿಂದ ಇಮ್ಮಡಿಯಾಗಿ 146. ವೀವೈಲಿನ ಜೀವಾಂಕವೋ 145! ಅತ್ಯಂತ ದುರ್ಬಲವಾದ ಪೆಟ್ಟಿಗೂ ಅದು ಸಾಯುವುದು.

ಇದಕ್ಕೆ ಪರಿಹಾರವೇನು? ವೇಗಕ್ಕೆ 252, ದಾಳಿಗೆ 252 ಕೊಟ್ಟ ಮೇಲೆ ಉಳಿಯುವುದು 6 ಅಂಕ. ಅದರಲ್ಲಿ 4ನ್ನು ಜೀವಕ್ಕೆ ಹಾಕಿದರೆ ಜೀವಾಂಕ 146. 146ರ ಪೆಟ್ಟಿಗೆ 146 ಸಾಲದು. ಜೀವಾಂಕ 147 ಆಗಬೇಕಾದರೆ 12 ಅಂಕ ಬೇಕು. ಎಂದರೆ ಬೇರೆಡೆಯಿಂದ 6ನ್ನು ಕೀಳಬೇಕು. ವೇಗದಿಂದ ಕಿತ್ತರೆ 194 ಹೋಗಿ 193 ಆಗುವುದು, ಪೂರ್ಣ ವೇಗದ ಇನ್ನೊಂದು ವೀವೈಲ್ ಎದುರಾದಾಗಲೆಲ್ಲ ನಮ್ಮದು ಎರಡನೆಯದಾಗುವುದು. ಸಮವೇಗವಿದ್ದರಾದರೂ ನಾಣ್ಯ ಚಿಮ್ಮಿದಂತೆ ಅರ್ಧದಷ್ಟು ಸಲ ಮೊದಲ ಪೆಟ್ಟು ನಮ್ಮದಾಗುತ್ತಿತ್ತು. ದಾಳಿಯಿಂದ ಕಿತ್ತರೆ 172 ಹೋಗಿ 171. ಗಾರ್ಚೋಂಪಿನ ಮೇಲಿನ ಲೆಕ್ಕವನ್ನು ಮತ್ತೆ ಮಾಡಿ ನೋಡಿ: ಭಿನ್ನರಾಶಿ ಬಿಟ್ಟಾಗ ಅದೇ 51, ಅದೇ 256. ಅಲ್ಲಿ ನಷ್ಟವೇ ಇಲ್ಲ. ಲಾಭವೆಂದರೆ 16 ಬೆಲೆಗಳಲ್ಲಿ 146 ಕೊಡುವ ಎರಡರಲ್ಲಿ, ಎಂದರೆ ಎಂಟರಲ್ಲಿ ಒಂದು ಸಲ, ವೀವೈಲ್ ಬದುಕುವುದು.

ಎಂಟರಲ್ಲಿ ಒಂದನ್ನು ನಂಬಿ ಕುಳಿತುಕೊಳ್ಳುವುದು ಜಾಣತನವಲ್ಲ. ಸೈಜರ್ ಕಂಡ ಕೂಡಲೆ ವೀವೈಲನ್ನು ಹಿಂದಕ್ಕೆ ಕರೆದು, ಉಕ್ಕಿನ ಪೆಟ್ಟು ಅರ್ಧವಷ್ಟೇ ತಾಗುವ ಚಾರಿಜಾರ್ಡಿನಂಥ ಬೆಂಕಿಯ ಪ್ರಾಣಿಯನ್ನು ಕಳುಹಿಸುವುದೇ ಸರಿಯಾದ ದಾರಿ. ಬೆಂಕಿಯು ಸೈಜರಿಗೆ ನಾಲ್ಮಡಿ ತಾಗುವುದು. ಹಿಂದೆಗೆಯುವುದೂ ದಾಳಿಗಾರನ ವಿದ್ಯೆಯ ಒಂದು ಭಾಗವೇ.

ಕ್ರಮವನ್ನು ಕೆಡಿಸುವವರು

ಕ್ರಮವೇ ಮುಖ್ಯವೆಂದ ಮೇಲೆ ಕ್ರಮವನ್ನು ಬದಲಿಸುವ ಉಪಾಯಗಳೂ ಮುಖ್ಯವಾಗುತ್ತವೆ. ‘ಟೇಲ್‌ವಿಂಡ್’ ಎಂಬ ಹಿಂಗಾಳಿ ನಾಲ್ಕು ಸರದಿಗಳ ಕಾಲ ತಂಡದ ವೇಗವನ್ನು ಇಮ್ಮಡಿ ಮಾಡುವುದು. ಲಕ್ವ ಹೊಡೆದ ಪ್ರಾಣಿಯ ವೇಗ ಅರ್ಧಕ್ಕಿಳಿಯುವುದು. ‘ಟ್ರಿಕ್ ರೂಮ್’ ಎಂಬುದಂತೂ ಐದು ಸರದಿಗಳವರೆಗೆ ಸಾಲನ್ನೇ ತಿರುಗಿಸಿ ನಿಲ್ಲಿಸುವುದು, ನಿಧಾನವಾದದ್ದೇ ಮೊದಲು. ‘ಚಾಯ್ಸ್ ಸ್ಕಾರ್ಫ್’ ಎಂಬ ಶಾಲನ್ನು ಹೊದ್ದ ಪ್ರಾಣಿಯ ವೇಗ ಒಂದೂವರೆ ಪಟ್ಟಾಗುವುದು, ಆದರೆ ಕಣದಲ್ಲಿರುವವರೆಗೆ ಮೊದಲು ಆರಿಸಿದ ಹೊಡೆತವೊಂದನ್ನೇ ಅದು ಹೊಡೆಯಬೇಕು.

ಶಾಲು ಹೊದ್ದ ಗಾರ್ಚೋಂಪಿನ ವೇಗ 253, ವೀವೈಲಿಗಿಂತ ಮುಂದು. ಅದರ ‘ಅರ್ತ್‌ಕ್ವೇಕ್’ ಎಂಬ ಭೂಕಂಪದ ಹೊಡೆತ ವೀವೈಲಿಗೆ ತಾಗುವುದು 121ರಿಂದ 144. ಜೀವಾಂಕ 145! ಈ ಸಲ ಒಂದು ಅಂಕ ನಮ್ಮ ಕಡೆಗಿದೆ. 24ರಲ್ಲಿ ಒಮ್ಮೆ ಬರುವ ಮರ್ಮಾಘಾತವೊಂದನ್ನು ಬಿಟ್ಟರೆ ವೀವೈಲ್ ಬದುಕುವುದು, ಮರುಪೆಟ್ಟಿಗೆ ಗಾರ್ಚೋಂಪ್ ಬೀಳುವುದು.

ಆದರೆ ಎದುರಾಳಿಯು ಮೊದಲೇ ‘ಸ್ಟೆಲ್ತ್ ರಾಕ್’ ಹಾಕಿದ್ದರೆ? ನೆಲದ ತುಂಬ ಚೂಪುಗಲ್ಲುಗಳನ್ನು ಹರಡಿಡುವ ಉಪಾಯವಿದು. ಕಣಕ್ಕಿಳಿಯುವ ಪ್ರತಿಯೊಂದು ಪ್ರಾಣಿಗೂ ಅವು ಚುಚ್ಚುತ್ತವೆ. ಶಹಾಪುರ, ಸುರಪುರಗಳ ಗುಡ್ಡಗಳಲ್ಲಿ ಬಂಡೆಗಳ ನಡುವೆ ಓಡಿ ಬೆಳೆದವರಿಗೆ, ಕಲ್ಲು ಎಡವಿದ ಮೇಲೆ ಓಟದ ಚುರುಕು ಎಲ್ಲಿ ಹೋಗುವುದೆಂಬುದನ್ನು ಹೇಳಬೇಕಾಗಿಲ್ಲ. ಹಿಮದ ವರ್ಗಕ್ಕೆ ಕಲ್ಲು ಹಗೆ. ವೀವೈಲ್ ಇಳಿದೊಡನೆಯೇ ಜೀವದ ಕಾಲುಭಾಗ, ಅಂದರೆ 36, ಕಳೆದುಹೋಗುವುದು. ಉಳಿಯುವುದು 109. ಗಾರ್ಚೋಂಪಿನ ಅತಿ ದುರ್ಬಲವಾದ 121ರ ಪೆಟ್ಟೂ ಈಗ ಸಾಕು. ವೇಗದಲ್ಲಿ ಏನೂ ಬದಲಾಗಲಿಲ್ಲ, ದಾಳಿಯಲ್ಲಿ ಏನೂ ಬದಲಾಗಲಿಲ್ಲ; ಮೂರು ಸರದಿಗಳ ಹಿಂದೆ ಹರಡಿದ ಕಲ್ಲು ಪಂದ್ಯವನ್ನು ಬದಲಿಸಿತು.

ಆದುದರಿಂದ ಬಲ್ಲ ಆಟಗಾರನು ಇಂಥ ಪ್ರಾಣಿಯನ್ನು ಮೊದಲಿಗೇ ಕಣಕ್ಕಿಳಿಸುವುದಿಲ್ಲ. ನೆಲದ ಕಲ್ಲನ್ನು ತೆಗೆಸಿ, ಆದ್ಯತೆಯ ಹೊಡೆತವುಳ್ಳವರನ್ನು ಬೇರೆಯವರಿಂದ ಕೆಡವಿಸಿ, ಎದುರಾಳಿಗಳನ್ನು ಒಂದೇ ಪೆಟ್ಟಿಗೆ ಬೀಳುವಷ್ಟು ಸವೆಸಿ, ತನ್ನದೊಂದು ಪ್ರಾಣಿ ಬಿದ್ದ ಬಳಿಕ, ಪೆಟ್ಟು ತಿನ್ನದೆ ಬರುವ ಸಂದರ್ಭ ನೋಡಿ ಅದನ್ನು ಕರೆಯುತ್ತಾನೆ. ವೇಗವುಳ್ಳವನಿಗೆ ಕಾಯುವುದು ತಿಳಿದಿರಬೇಕು.

ಲೆಕ್ಕದ ಮತ್ತೊಂದು ಪುಟ

2024ರ ಎಸ್.ಎಸ್.ಎಲ್.ಸಿ. ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ ಯಾದಗಿರಿಯ ಸ್ಥಾನ ಕೊನೆಯದಾಗಿತ್ತು. ನಮ್ಮ ಕಡೆಯ ಹುಡುಗರಿಗೆ ಲೆಕ್ಕ ಹತ್ತುವುದಿಲ್ಲವೆಂಬ ಮಾತನ್ನು ಅಂದಿನಿಂದ ಎಷ್ಟೋ ಸಲ ಕೇಳಿದ್ದೇವೆ. ನಾವೂ ಒಂದೆರಡು ಸಲ ಆಡಿರಬಹುದು. ಆ ನೋಟುಪುಸ್ತಕವನ್ನು ಕಂಡ ಮೇಲೆ ಆಡಿಲ್ಲ. ಪಟ್ಟಿಯೂ ಕ್ರಮವನ್ನಷ್ಟೇ ಹೇಳುತ್ತದೆ. ಸಾಲಿನಲ್ಲಿ ಹಿಂದಿರುವವನು ಎಷ್ಟು ಹಿಂದಿದ್ದಾನೆ, ಏಕೆ ಹಿಂದಿದ್ದಾನೆ ಎಂಬುದನ್ನು ಅದು ಹೇಳದು.

ಕೆಲವು ತಿಂಗಳ ಬಳಿಕ ದ್ಯುತಿವಿದ್ಯುತ್ ಪರಿಣಾಮದ ಪಾಠ ಬಂದಿತು. ಲೋಹದ ಮೇಲೆ ಬೀಳುವ ಬೆಳಕಿನ ಆವೃತ್ತಿಯು ಒಂದು ಹೊಸ್ತಿಲಿಗಿಂತ ಕಡಿಮೆಯಾಗಿದ್ದರೆ, ಬೆಳಕು ಎಷ್ಟೇ ಪ್ರಖರವಾಗಿದ್ದರೂ ಇಲೆಕ್ಟ್ರಾನು ಹೊರಬರುವುದಿಲ್ಲವೆಂದು ನಾವು ವಿವರಿಸಿದೆವು. ಆಗ ಅವನು ಕೈಯೆತ್ತಿ, “ಸರ, ಆಟದಾಗ ಸಣ್ಣ ಸಣ್ಣ ಪೆಟ್ಟೆಲ್ಲಾ ಕೂಡತಾವ್ರಿ. ಇಲ್ಲಿ ಯಾಕ ಕೂಡಂಗಿಲ್ಲ?” ಎಂದು ಕೇಳಿದನು.

ಹತ್ತೊಂಬತ್ತನೆಯ ಶತಮಾನದ ಭೌತಶಾಸ್ತ್ರವು ಉತ್ತರ ಹೇಳಲಾರದೆ ನಿಂತುದು ಸರಿಯಾಗಿ ಈ ಪ್ರಶ್ನೆಯ ಮುಂದೆಯೇ. ಬೆಳಕು ಕಣಕಣವಾಗಿ ಬರುವುದೆಂದೂ, ಇಲೆಕ್ಟ್ರಾನು ಒಂದು ಸಲಕ್ಕೆ ಒಂದು ಕಣವನ್ನು ಮಾತ್ರ ಸ್ವೀಕರಿಸುವುದೆಂದೂ ಐನ್‌ಸ್ಟೈನರು 1905ರಲ್ಲಿ ಸೂಚಿಸಿದರು. ಆ ದಿನ ಪಾಠ ಗಂಟೆ ಹೊಡೆದ ಮೇಲೂ ನಡೆಯಿತು.

ಮುಂದಿನ ಕಿರುಪರೀಕ್ಷೆಯಲ್ಲಿ ಆ ವಿದ್ಯಾರ್ಥಿಯು ಹೊಸ್ತಿಲ ಆವೃತ್ತಿಯ ಲೆಕ್ಕವನ್ನು ಮಾಡಿದ್ದನು. ಹತ್ತರ ಘಾತವೊಂದನ್ನು ತಪ್ಪಿ, ಕೊನೆಯ ಉತ್ತರ ತಪ್ಪಾಗಿತ್ತು. ಹಂತಗಳೆಲ್ಲ ಸರಿಯಾಗಿದ್ದವು. ಜಾಗ ಖಾಲಿಯಿರಲಿಲ್ಲ.