ಚಕ್ರದ ಮನೆಗೊಂದು ಸೂರು

ದನಗಳಿಗೆ ಹಟ್ಟಿ ಕಟ್ಟಿದವರನ್ನು ಕಂಡಿದ್ದೇವೆ, ಕಾರಿಗೆ ಷೆಡ್ಡು ಕಟ್ಟಿದವರನ್ನೂ ಕಂಡಿದ್ದೇವೆ. ಆದರೆ ಮನೆಗೇ ಒಂದು ಮನೆ ಕಟ್ಟಬೇಕಾಗಿ ಬಂದ ಗೃಹಸ್ಥರನ್ನು ನಾನು ಕಂಡದ್ದು ಕಳೆದ ಬೇಸಗೆಯಲ್ಲಿ, ಸುಳ್ಯದ ಕಡೆಯ ಒಂದು ಅಡಿಕೆ ತೋಟದಲ್ಲಿ.

ಆ ಮನೆ ನನ್ನ ಸೋದರತ್ತೆಯದು. ಅವರಿಗೆ ಈಗ ಎಂಬತ್ತು ದಾಟಿದೆ; ಮೊಣಕಾಲು ಹಿಡಿದಿದೆ. ಕಾಶಿಗೆ ಹೋಗಬೇಕೆಂಬುದು ಬಹುದಿನದ ಆಸೆ. ಆದರೆ ವಸತಿಗೃಹಗಳ ಮೆಟ್ಟಿಲು, ಅಪರಿಚಿತ ಸ್ನಾನಗೃಹ, ರೈಲಿನ ನೂಕುನುಗ್ಗಲು, ಇವು ಯಾವುವೂ ಅವರಿಂದಾಗದು. ನೌಕರಿಯಿಂದ ನಿವೃತ್ತರಾದ ಭಾವನವರು ಬಂದ ಹಣದ ಬಹುಪಾಲನ್ನು ಹಾಕಿ, ಮಲಗಲು ಮಂಚ, ಪುಟ್ಟ ಅಡಿಗೆಯ ಕಟ್ಟೆ, ಸ್ನಾನದ ಕೋಣೆ ಎಲ್ಲವೂ ಇರುವ ಮೋಟಾರು ಮನೆಯೊಂದನ್ನು ತಂದರು.

ಇಂಥ ವಾಹನ ಲೋಕಕ್ಕೆ ಹೊಸತಲ್ಲ. ಇಂಗ್ಲೆಂಡಿನಲ್ಲಿ 1885ರಲ್ಲಿಯೇ ಗಾರ್ಡನ್ ಸ್ಟೇಬಲ್ಸ್ ಎಂಬ ಲೇಖಕರು ವಿಹಾರಕ್ಕೆಂದು ‘ವಾಂಡರರ್’ ಎಂಬ ಕುದುರೆಯ ಮನೆಗಾಡಿಯನ್ನು ಮಾಡಿಸಿದ್ದರು. ನಮ್ಮ ನೆರೆಯ ಕೇರಳ ಸರಕಾರವು 2021ರಲ್ಲಿ ಇಂಥ ವಾಹನಗಳ ಪ್ರವಾಸಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಆದರೆ ಪ್ರವಾಸವಿಲ್ಲದ ದಿನಗಳಲ್ಲಿ ಗಾಡಿ ಎಲ್ಲಿರಬೇಕು? ಕೊಳ್ಳುವಾಗ ಈ ಪ್ರಶ್ನೆ ಯಾರ ತಲೆಗೂ ಹೊಳೆಯುವುದಿಲ್ಲ.

ಅಂಗಳದಲ್ಲಿ ನಿಲ್ಲಿಸಬಹುದಲ್ಲವೆ ಎಂದು ವಾಚಕರು ಕೇಳಬಹುದು. ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಅಂಗಳವೆಂದರೆ ಅಡಿಕೆಯ ಸ್ವತ್ತು. ಹಣ್ಣಡಿಕೆಯನ್ನು ತಿಂಗಳಿಗೂ ಮಿಕ್ಕಿ ಬಿಸಿಲಿನಲ್ಲಿ ಒಣಗಿಸಬೇಕು. ಆಗ ಅಲ್ಲಿ ಕಾಲಿಡಲೂ ಎಡೆಯಿಲ್ಲ. ಅಂಗಳ ಬರಿದಾಗುವುದು ಮಳೆಗಾಲದಲ್ಲಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ನಾಡಿನಲ್ಲಿ, ಬಯಲಿನಲ್ಲಿ ನಿಂತ ಗಾಡಿಯ ಗತಿ ಹೇಳಬೇಕಾಗಿಲ್ಲ.

ಭಾವನವರ ಕಣ್ಣು ಹಳೆಯ ಹಟ್ಟಿಯ ಮೇಲೆ ಬಿತ್ತು. ದನಗಳಿಲ್ಲದೆ ಅದು ಬರಿದಾಗಿತ್ತು. ಹುಲ್ಲಿನ ಅಟ್ಟವನ್ನು ಬಿಚ್ಚಿಸಿ ಅಳೆದರು. ಬಾಗಿಲ ಬಳಿಯ ಅಡ್ಡ ತೊಲೆಯ ಎತ್ತರ 9 ಅಡಿ 11 ಅಂಗುಲ. ಗಾಡಿಯದು, ನೆತ್ತಿಯ ಮೇಲಿನ ಹವಾನಿಯಂತ್ರಕವೂ ಸೇರಿ, 9 ಅಡಿ 8 ಅಂಗುಲ. ಮೂರು ಅಂಗುಲ ಉಳಿಯಿತೆಂದು ಸಂತೋಷಪಟ್ಟು ಗಾಡಿಯನ್ನು ಇಳಿಸಿದರು. ಅರ್ಧ ಒಳಗೆ ಹೋಗಿತ್ತು. ಮೇಲಿನಿಂದ ‘ಕರಕ್’ ಎಂಬ ಸದ್ದು. ಹವಾನಿಯಂತ್ರಕದ ಮುಚ್ಚಳ ಬಿರಿದಿತ್ತು.

ಲೆಕ್ಕ ತಪ್ಪಿದ್ದೆಲ್ಲಿ? ಹಟ್ಟಿ ಇರುವುದು ಇಳಿಜಾರಿನ ಬುಡದಲ್ಲಿ. ಆ ದಾರಿ ಎಂಟಡಿಗೆ ಒಂದಡಿಯಂತೆ ಇಳಿಯುತ್ತದೆ. ಗಾಡಿಯ ಮುಂದಿನ ಹಿಂದಿನ ಚಕ್ರಗಳ ನಡುವೆ 12 ಅಡಿ ಅಂತರ. ಮುಂದಿನ ಚಕ್ರ ಸಮನೆಲವನ್ನು ಮುಟ್ಟಿದಾಗ ಹಿಂದಿನದು ಇನ್ನೂ ಒಂದೂವರೆ ಅಡಿ ಮೇಲಿರುತ್ತದೆ. ಗಾಡಿಯ ನಡುಭಾಗ ತೊಲೆಯಡಿಗೆ ಬರುವ ಹೊತ್ತಿಗೆ ಅದರ ನೆತ್ತಿ ಸಮನೆಲದಲ್ಲಿ ಇರುವುದಕ್ಕಿಂತ ನಾಲ್ಕೂವರೆ ಅಂಗುಲ ಎತ್ತರದಲ್ಲಿರುತ್ತದೆ. ಉಳಿದಿದ್ದುದು ಮೂರೇ ಅಂಗುಲ! ಸಾಲದುದಕ್ಕೆ, ಗಾಡಿ ಹಗುರಾಗಲಿ ಎಂದು ನೀರಿನ ತೊಟ್ಟಿಯನ್ನು ಬರಿದು ಮಾಡಿದ್ದರು. ಭಾರ ಇಳಿದಾಗ ಸ್ಪ್ರಿಂಗು ಮೇಲೇಳುತ್ತದೆ. ಗಾಡಿ ಇನ್ನಷ್ಟು ಎತ್ತರವಾಗುತ್ತದೆ.

ಮರದ ಕೆಲಸದವನು ಬಂದು ನೋಡಿ, “ಈ ತೊಲೆ ಒಂದನ್ನು ಕೊಯ್ದರೆ ಆಯಿತು, ಅಣ್ಣಾ” ಎಂದ. ಭಾವನವರೂ ತಲೆಯಾಡಿಸಿದರು. ಜಗಲಿಯಲ್ಲಿ ಕುಳಿತಿದ್ದ ಅತ್ತೆ ಊರುಗೋಲು ಹಿಡಿದು ಎದ್ದು ಬಂದರು.

“ಅದು ನಿನ್ನ ಅಜ್ಜ ಇಡಿಸಿದ ಹಲಸಿನ ತೊಲೆ. ಎರಡು ಗೋಡೆಗಳನ್ನೂ ಹಿಡಿದು ನಿಲ್ಲಿಸಿದ್ದು ಅದುವೇ. ಕೊಯ್ದರೆ ಬರುವ ಆಟಿಯಲ್ಲಿ ಮಾಡು ನಿನ್ನ ಗಾಡಿಯ ಮೇಲೆಯೇ ಕೂತೀತು, ಮಗಾ.”

ಅತ್ತೆ ಇಂಜಿನಿಯರಿಂಗು ಓದಿದವರಲ್ಲ. ಆದರೆ ಆ ಮಾತಿನಲ್ಲಿ ತಪ್ಪಿಲ್ಲ. ಇಳಿಮಾಡಿನ ಭಾರ ಗೋಡೆಗಳನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಅಡ್ಡ ತೊಲೆ ಅವೆರಡನ್ನೂ ಬಿಗಿಹಿಡಿದಿರುತ್ತದೆ. ಅದನ್ನು ತೆಗೆದರೆ ಮುರಕಲ್ಲಿನ ಹಳೆಯ ಗೋಡೆ ಮೆಲ್ಲನೆ ಬಾಯಿಬಿಡುತ್ತದೆ. ನೆಲವನ್ನು ಅಗೆದು ತಗ್ಗಿಸೋಣವೆಂದರೆ ಗುಡ್ಡದ ನೀರೆಲ್ಲ ಅಲ್ಲಿಗೇ ಬಂದು ತುಂಬುತ್ತದೆ.

ದೊಡ್ಡ ಗಾಡಿಗೆ ಸೂರು ಒದಗಿಸುವ ವಿದ್ಯೆ ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ಪುತ್ತೂರಿನ ಮಹಾಲಿಂಗೇಶ್ವರನ ಬ್ರಹ್ಮರಥ ಪ್ರತಿ ವರ್ಷ ಏಪ್ರಿಲ್ 17ರಂದು ಬೀದಿಗೆ ಬರುತ್ತದೆ. 2018ರಿಂದ ಕಡಬ ತಾಲೂಕಿಗೆ ಸೇರಿರುವ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ತೇರನ್ನು ಮಲೆಕುಡಿಯರು ಬೆತ್ತದಿಂದ ಕಟ್ಟುತ್ತಾರೆ, ಎಳೆಯುವುದೂ ಬೆತ್ತದಿಂದಲೇ. ತೇರಿನ ಮೇಲ್ಭಾಗ ಉತ್ಸವಕ್ಕಾಗಿ ಕಟ್ಟಿ ಬಿಚ್ಚುವಂಥದು. ಉಳಿದ ದಿನ ತೇರಿಗೆ ರಥಬೀದಿಯ ಬದಿಯಲ್ಲಿ, ಎಳೆಯುವ ನೆಲದ ಮಟ್ಟದಲ್ಲಿಯೇ ಕೊಟ್ಟಿಗೆ. ಇದನ್ನು ನೆನಪಿಸಿ, “ತೇರನ್ನು ಅಡಿಗೆಮನೆಯ ಬಾಗಿಲಿಗೆ ತರುವವರುಂಟೆ?” ಎಂದು ಅತ್ತೆಯೇ ಕೇಳಿದರು.

ಆ ಪ್ರಶ್ನೆಯೇ ದಾರಿ ತೋರಿಸಿತು. ಮೇಲೆ ರಸ್ತೆಯ ಮಟ್ಟದಲ್ಲಿ, ಗೇಟಿನ ಪಕ್ಕದಲ್ಲಿ, ತೆಂಗು ಹಲಸುಗಳ ನೆರಳಿಗೆ ದೂರವಾಗಿ ಜಾಗ ಹುಡುಕಿದರು. ಮುರಕಲ್ಲಿನ ಕಂಬ, ತಗಡಿನ ಮಾಡು, ಹನ್ನೆರಡಡಿ ಎತ್ತರ. ಮಳೆಗಾಳಿ ಬೀಸಿ ಬರುವ ಪಡುದಿಕ್ಕಿಗೆ ಮಾತ್ರ ಗೋಡೆ. ಉಳಿದ ಮೂರೂ ಕಡೆ ತೆರವು. ಸುತ್ತಲೂ ನೀರು ಹರಿಯಲು ಕಣಿ. ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಯಿತು.

ಸೂರು ಸಿಕ್ಕಿದ ಮಾತ್ರಕ್ಕೆ ಚಿಂತೆ ತೀರಲಿಲ್ಲ. ಅಡಿಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ತಗ್ಗಿನಲ್ಲಿ ಮಡುಗಟ್ಟಿ ಕಿಡಿಗಾಗಿ ಕಾಯುತ್ತದೆ. ಆದ್ದರಿಂದ ಗಾಡಿ ನಿಂತಿರುವಷ್ಟು ದಿನ ಸಿಲಿಂಡರನ್ನು ಕಳಚಿ ಹೊರಗಿಡಬೇಕು. ನೀರಿನ ತೊಟ್ಟಿ ಬರಿದಾಗಿರಬೇಕು. ಹಾಸಿಗೆಯನ್ನು ಎತ್ತಿ ನಿಲ್ಲಿಸಿ, ಮಳೆ ಬಿಟ್ಟ ದಿನ ಬಾಗಿಲು ಕಿಟಕಿಗಳನ್ನು ತೆರೆಯದಿದ್ದರೆ ಬೂಷ್ಟು ಹಿಡಿಯುತ್ತದೆ. ಇಲಿಗಳು ತಂತಿ ಕಡಿಯದಂತೆ ಕಾಳಿನ ಡಬ್ಬಿಗಳನ್ನು ಮನೆಗೆ ಒಯ್ಯಬೇಕು. ಚಕ್ರಕ್ಕೆ ಅಡ್ಡಗಟ್ಟೆ ಇಡಬೇಕು. ಆಗಾಗ ಇಂಜಿನು ಚಾಲೂ ಮಾಡಿ ಸ್ವಲ್ಪ ದೂರ ಓಡಿಸಿ ತರಬೇಕು. ಕೊಳ್ಳಬಯಸುವವರಿಗೆ ಭಾವನವರು ಈಗ ಹೇಳುವ ಬುದ್ಧಿವಾದ ಒಂದೇ: ಮೊದಲು ಜಾಗ ಅಳೆಯಿರಿ, ಗಾಡಿ ಆಮೇಲೆ.

ಆಟಿಯ ಒಂದು ಮಧ್ಯಾಹ್ನ ನಾನು ಮತ್ತೆ ಹೋಗಿದ್ದೆ. ಮಳೆ ಧೋ ಎಂದು ಸುರಿಯುತ್ತಿತ್ತು. ಅತ್ತೆ ಮನೆಯಲ್ಲಿ ಇರಲಿಲ್ಲ. ಹುಡುಕಿದರೆ, ಮೊಮ್ಮಗನ ಕೈ ಹಿಡಿದು ಮೇಲೆ ಹೋಗಿ, ನಿಂತ ಗಾಡಿಯ ಮಂಚದ ಮೇಲೆ ಕುಳಿತು ಕಿಟಕಿಯಿಂದ ಮಳೆ ನೋಡುತ್ತಿದ್ದರು. “ಕಾಶಿಗೆ ಮೊದಲು ಕೂತು ಅಭ್ಯಾಸವಾಗಲಿ ಅಂತ” ಎಂದು ನಕ್ಕರು.

ದೀಪಾವಳಿ ಕಳೆದೊಡನೆ ಹೊರಡುವುದೆಂದು ನಿಶ್ಚಯವಾಗಿದೆ. ಹಟ್ಟಿಯ ತೊಲೆ ಇದ್ದಲ್ಲಿಯೇ ಇದೆ. ಅದರಡಿಯಲ್ಲಿ ಅತ್ತೆ ಮಳೆಗಾಲದ ಸೌದೆಯನ್ನು ಒಟ್ಟಿಸಿದ್ದಾರೆ.